ಫ್ರೋಕನ್ ಗುಡ್ಡ ಹತ್ತಿದ ಚಳಿಗಾಲ

ನವೆಂಬರ್ ೪, ೧೯೭೮

ಮನೆಯಲ್ಲಿ ಮಾತಾಡುವವರು ಯಾರೂ ಇಲ್ಲ. ಅದಕ್ಕೇ ಬರೆಯಲು ಕೂತೆ.

ಇಷ್ಟು ವರ್ಷ ಹಾಲ್ವರ್ ಮಾತಾಡುತ್ತಿದ್ದ, ನಾನು ಹೊಲಿಯುತ್ತಿದ್ದೆ. ನನ್ನ ಗಂಡ ಹರಾಜು ಕೂಗುವವನು. ಈ ಕಣಿವೆಯಲ್ಲಿ ಯಾರ ಮನೆಯ ಸಾಮಾನು ಬಿಕರಿಗೆ ಬಂದರೂ ಸುತ್ತಿಗೆ ಹಿಡಿದು ನಿಲ್ಲುವವನು ಅವನೇ. ಅವನು ಕೂಗಿದರೆ ಕಾಲು ಮುರಿದ ಕುರ್ಚಿಗೂ ಅರಮನೆಯ ಕಳೆ ಬರುತ್ತಿತ್ತು. ಮನೆಗೆ ಬಂದ ಮೇಲೂ ಆ ಬಾಯಿಗೆ ಬಿಡುವಿರಲಿಲ್ಲ. ನಾನು ಹಬ್ಬದ ಉಡುಪುಗಳಿಗೆ ಕಸೂತಿ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಹೊಳೆಯ ತಿರುವಿನಲ್ಲಿ, ಕಾರು ಓಡಿಸುತ್ತಿದ್ದ ಹಾಗೆಯೇ, ಅವನಿಗೆ ಪಾರ್ಶ್ವವಾಯು ಹೊಡೆಯಿತು. ನಮ್ಮ ಬೂದು ಕಾರು ಅವಸರವಿಲ್ಲದೆ, ನೀರು ಕುಡಿಯಲು ಹೋದ ಹಸುವಿನ ಹಾಗೆ, ಹೊಳೆಗಿಳಿದು ನಿಂತಿತಂತೆ. ಕಾರು ಹೋಯಿತು, ಹಾಲ್ವರ್ ಉಳಿದ. ಬಲಗೈ ಬಲಗಾಲು ಹೇಳಿದ್ದನ್ನು ಅರ್ಧ ಕೇಳುತ್ತವೆ. ನಾಲಿಗೆಯಂತೂ ಏನೂ ಕೇಳುವುದಿಲ್ಲ. ಅವನೀಗ ಹೆಸ್ತೆ ಗುಡ್ಡದ ಆಚೆ, ಲೈರ್ವಿಕ್ ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ. ಗುಡ್ಡ ದಾಟುವ ಬಸ್ಸಿಗೆ ಇವತ್ತು ಕೊನೆಯ ದಿನ. ಇನ್ನು ಹಿಮ ಕರಗಿದ ಮೇಲೇ ಅದರ ಮುಖ ನೋಡುವುದು.

ನವೆಂಬರ್ ೧೧

ರೈಲಿನಲ್ಲಿ ಸುತ್ತು ಹಾಕಿಕೊಂಡು ಹೋಗಿಬಂದೆ. ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ, ಅವನ ಪಕ್ಕ ಕೂತದ್ದು ಕಾಫಿ ಆರುವಷ್ಟು ಹೊತ್ತು. ಅವನು ಗೋಡೆ ನೋಡುತ್ತಿದ್ದ. ನಾನೂ ಗೋಡೆ ನೋಡಿದೆ. ಮಾತು ಶುರುಮಾಡುವ ಕೆಲಸ ಯಾವತ್ತೂ ಅವನದಾಗಿತ್ತು. ನನಗೆ ಅದರ ತುದಿಯೇ ಸಿಗಲಿಲ್ಲ.

ಮಾತು ಕಲಿಸುವ ಹುಡುಗಿ ಇಂಗುನ್ ನನ್ನನ್ನು ಹೊರಗೆ ಕರೆದಳು. ಪದಗಳೆಲ್ಲ ಒಳಗೇ ಇವೆ, ಬಾಗಿಲು ಮಾತ್ರ ಹಾಕಿಕೊಂಡಿದೆ, ಆದರೆ ಇವರು ಒಳಗಿನಿಂದ ಬಡಿಯುತ್ತಲೇ ಇಲ್ಲ ಎಂದಳು. ಮನೆಯವರು ವಾರಕ್ಕೆ ಎರಡು ಸಲವಾದರೂ ಬಂದು ಮಾತಾಡಿಸಬೇಕಂತೆ. ಈ ಚಳಿಗಾಲ ಕೈಬಿಟ್ಟರೆ ಆಮೇಲೆ ಕಷ್ಟವಂತೆ.

ವಾರಕ್ಕೆ ಎರಡು ಸಲ. ರೈಲಿನಲ್ಲಿ.

ನವೆಂಬರ್ ೧೫

ಹಾಲ್ವರ್‌ನ ಅಕ್ಕ ಆಸ್ಲೌಗ್ ಕುರಿಮಾಂಸದ ಸಾರು ಹೊತ್ತು ಬಂದಳು. ಸಾರನ್ನು ಒಲೆಯ ಮೇಲಿಟ್ಟು ಉಪದೇಶಕ್ಕಿಳಿದಳು. ನಮ್ಮೂರ ವೃದ್ಧಾಶ್ರಮದಲ್ಲಿ ಕಿಟಕಿ ಪಕ್ಕದ ಹಾಸಿಗೆ ಸಿಗುತ್ತದಂತೆ. ಅಲ್ಲಿಗೆ ತಂದರೆ ನಾನು ದಿನಾ ನಡೆದೇ ಹೋಗಿ ನೋಡಬಹುದಂತೆ. ಅಲ್ಲಿ ಮಾತು ಕಲಿಸುವವರು ಯಾರಿದ್ದಾರೆ ಎಂದು ಕೇಳಿದೆ.

“ಈ ವಯಸ್ಸಲ್ಲಿ ಯಾರು ಮಾತು ಕಲೀತಾರೆ, ಬೋರ್ಗಿಲ್? ಕಲಿಯೋ ವಯಸ್ಸಲ್ಲೇ ಅವನಿಗೆ ಬಾಯಿ ಮುಚ್ಚೋದು ಕಲಿಸೋಕಾಗ್ಲಿಲ್ಲ ನಮಗೆ.”

ಅಂದವಳೇ ತಾನೇ ಅತ್ತಳು.

ಹೋಗುವ ಮುಂಚೆ ಫ್ರೋಕನ್ ವಿಷಯ ತೆಗೆದಳು. ಫ್ರೋಕನ್ ಅಂದರೆ ಮದುವೆಯಾಗದ ಕುಮಾರಿ; ಹಾಲ್ವರ್ ತನ್ನ ಕೆಂಪು ಕಾರಿಗೆ ಇಟ್ಟ ಹೆಸರು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ, ಇಬ್ಬರೇ ಕೂರುವ, ಬಟ್ಟೆಯ ಮಾಡಿನ, ಇಪ್ಪತ್ತು ವರ್ಷ ಹಳೆಯ ಓಟದ ಕಾರು. ಮೊದಲ ಹಿಮ ಬೀಳುವ ಮುಂಚೆಯೇ ಅದು ಕೊಟ್ಟಿಗೆ ಸೇರಿ, ದಿಮ್ಮಿಗಳ ಮೇಲೆ ಕೂತು, ಉಣ್ಣೆಯ ಕಂಬಳಿ ಹೊದ್ದು ಮೇ ತಿಂಗಳವರೆಗೆ ನಿದ್ದೆ ಮಾಡುತ್ತದೆ. ಅದರ ಮೈಗೆ ಒಂದು ಹರಳು ಹಿಮ ತಾಗಿದ್ದಿಲ್ಲ. ಅದರ ಸ್ಟೀರಿಂಗಿಗೆ ನನ್ನ ಕೈ ತಾಗಿದ್ದಿಲ್ಲ. ಓಸ್ಲೋದ ಯಾರೋ ಅದನ್ನು ಕೊಳ್ಳಲು ವರ್ಷಗಳಿಂದ ಕಾಯುತ್ತಿದ್ದಾನೆ, ಕೊಟ್ಟುಬಿಡು ಎಂದಳು. ಹಾಲ್ವರ್ ತನ್ನ ಬಾಯಿಂದ ‘ಕೊಡು’ ಅನ್ನಲಿ, ಅವತ್ತೇ ಕೊಡುತ್ತೇನೆ ಎಂದೆ.

ನವೆಂಬರ್ ೧೯

ಕಂಬಳಿ ಎಳೆದೆ.

ಇಡೀ ಬೆಳಗ್ಗೆ ಅದರ ಸುತ್ತ ತಿರುಗಿದೆ. ನನ್ನ ಹತ್ತಿರ ಲೈಸೆನ್ಸ್ ಇದೆ, ಮದುವೆಗೆ ಮುಂಚಿನದು. ಮದುವೆಯಾದ ಮೇಲೆ ಓಡಿಸುವ ಪ್ರಸಂಗ ಬಂದಿದ್ದೇ ಕಡಿಮೆ. ಅಡುಗೆಮನೆಯ ಒಲೆಯ ಪಕ್ಕ ಬೆಕ್ಕಿನ ಹಾಗೆ ಬೆಚ್ಚಗಿದ್ದ ಬ್ಯಾಟರಿಯನ್ನು ಹೊತ್ತು ತಂದು ಕೂರಿಸಿದೆ. ಹಾಲ್ವರ್ ಹೇಗೆ ಚಾಲೂ ಮಾಡುತ್ತಿದ್ದನೆಂದು ಕಿಟಕಿಯಿಂದ ನೋಡಿ ಗೊತ್ತಿತ್ತು: ತಣ್ಣಗಿನ ಎಂಜಿನ್ ಹತ್ತಿಕೊಳ್ಳುವವರೆಗೆ ಮಾತ್ರ ಬೇಕಾದ ಚೋಕಿನ ಗುಬುಟನ್ನು ಎಳೆಯುವುದು, ಸ್ವಲ್ಪ ಕಾಯುವುದು, ದೇವರನ್ನು ನೆನೆಯುವುದು, ಕೀಲಿ ತಿರುಗಿಸುವುದು. ಫ್ರೋಕನ್ ಕೆಮ್ಮಿದಳು, ಸುಮ್ಮನಾದಳು, ಮತ್ತೆ ಕೆಮ್ಮಿದಳು, ಆಮೇಲೆ ಇಡೀ ಕೊಟ್ಟಿಗೆ ನಡುಗಿತು.

ಅದರಲ್ಲಿ ಕೂತರೆ ಸ್ನಾನದ ತೊಟ್ಟಿಯಲ್ಲಿ ಕೂತ ಹಾಗೆ. ರಸ್ತೆಯ ಮೇಲೆ ನಾಯಿ ಎದುರಾದರೆ ಕಣ್ಣಿಗೆ ಕಣ್ಣು ಕೂಡುತ್ತದೆ. ಗ್ಯಾರೇಜಿನವರು ನಗುತ್ತಲೇ ಮಂಜುಗಡ್ಡೆಗೆ ಕಚ್ಚಿಕೊಳ್ಳುವ ಮೊಳೆ ಟೈರು ಹಾಕಿಕೊಟ್ಟರು.

ಗೊತ್ತಾದರೆ ಹಾಲ್ವರ್ ಏನನ್ನುತ್ತಾನೋ. ಅನ್ನಲಿಕ್ಕೆ ಬಾಯಿ ಬೇಕಲ್ಲ ಎಂದುಕೊಂಡೆ. ಹಾಗೆ ಎಂದುಕೊಂಡದ್ದಕ್ಕೆ ಅಳು ಬಂತು.

ನವೆಂಬರ್ ೨೪

ಗಾಳಿಯಿದ್ದ ದಿನ ಗುಡ್ಡವನ್ನು ಒಬ್ಬೊಬ್ಬರೇ ದಾಟುವ ಹಾಗಿಲ್ಲ. ಗುಡ್ಡದ ರಸ್ತೆಗೆ ಹಾಕಿರುವ ಗೇಟಿನ ಹತ್ತಿರ ಸಾಲಾಗಿ ಕಾಯಬೇಕು. ಹಿಮ ತಳ್ಳುವ ಲಾರಿ ಮುಂದೆ, ಉಳಿದವರು ಅದರ ಬಾಲ ಹಿಡಿದು ಹಿಂದೆ. ಯಾವ ಗಾಡಿ ಬರಬಹುದು, ಯಾವುದು ಬೇಡ ಎಂದು ಹೇಳುವವನು ಲಾರಿಯ ಐಲಿಫ್. ನಾನು ಸಾಲಿನ ಕೊನೆಯಲ್ಲಿ ನಿಂತಿದ್ದೆ. ಅವನು ಒಂದೊಂದೇ ಗಾಡಿ ನೋಡುತ್ತ ಬಂದು ನನ್ನ ಮುಂದೆ ನಿಂತ. ಬಗ್ಗಿದ. ಇನ್ನೂ ಬಗ್ಗಿದ.

“ಅಕ್ಕಾ, ಇದು ಕಾರೋ ಬೆಣ್ಣೆ ಡಬ್ಬಿಯೋ? ಗುಡ್ಡದ ಮೇಲೆ ಇದು ಕಳೆದುಹೋದ್ರೆ ಹುಡುಕೋಕೆ ನಾನು ಬರಲ್ಲ. ಮೇ ತಿಂಗಳಲ್ಲಿ ತಾನಾಗೇ ಸಿಗುತ್ತೆ.”

ಹಿಂದಕ್ಕೆ ತಿರುಗಿಸಿಕೊಂಡು ಬಂದೆ. ತಿರುಗಿಸುವುದಕ್ಕೇ ನನಗೆ ಎಷ್ಟು ಹೊತ್ತಾಯಿತೆಂದರೆ ಇಡೀ ಸಾಲು ನೋಡುತ್ತಿತ್ತು.

ನವೆಂಬರ್ ೨೯

ಇವತ್ತು ಗಾಳಿಯಿರಲಿಲ್ಲ, ಗೇಟು ತೆರೆದಿತ್ತು. ಒಬ್ಬಳೇ ಹೊರಟೆ. ಗುಡ್ಡದ ನೆತ್ತಿ ದಾಟಿ, ಕೆರೆಯ ತಿರುವಿಗೆ ಬಂದಾಗ ಫ್ರೋಕನ್ ಹಿಂದಿನಿಂದ ಜಾರಿದಳು. ಬ್ರೇಕು ತುಳಿದೆ. ಆಕಾಶ, ಕೆರೆ, ಗುಡ್ಡ, ಮತ್ತೆ ಆಕಾಶ. ಆಮೇಲೆ ಮೂತಿ ಹಿಮದ ಗೋಡೆಯೊಳಗೆ. ಅಲ್ಲೇ ಕೂತು ಹಾಲ್ವರ್‌ನ ಕ್ಷಮೆ ಕೇಳಿದೆ, ಗಟ್ಟಿಯಾಗಿ.

ಐಲಿಫ್‌ನ ಲಾರಿ ಬಂತು. ಹಗ್ಗ ಕಟ್ಟಿ ಎಳೆದು ಹಾಕಿದ. ಬೈಯುತ್ತಾನೆಂದು ಕಾಯುತ್ತಿದ್ದೆ. ಯಾಕೆ ಹೋಗುತ್ತಿದ್ದೀರಿ ಎಂದಷ್ಟೇ ಕೇಳಿದ. ಹೇಳಿದೆ. ಅವನು ಹಾಲ್ವರ್‌ನ ಹರಾಜಿನಲ್ಲಿ ಒಂದು ಗಡಿಯಾರ ಕೊಂಡಿದ್ದನಂತೆ. ಅದು ಒಂದು ದಿನವೂ ನಡೆದಿಲ್ಲವಂತೆ, ಆದರೂ ಅವತ್ತು ನಕ್ಕದ್ದು ನೆನಪಿದೆಯಂತೆ.

“ಬ್ರೇಕ್ ತುಳಿಬೇಡಿ ಅಕ್ಕಾ. ಕಾಲೆತ್ತಿ, ಹೋಗ್ಬೇಕಾದ ಕಡೆ ನೋಡಿ. ಗುಂಡಿ ನೋಡಿದ್ರೆ ಗುಂಡಿಗೇ ಹೋಗೋದು.”

ಹಿಂದುಗಡೆ ಭಾರವಿಲ್ಲ, ಏನಾದರೂ ಹೇರಿ ಎಂದೂ ಹೇಳಿದ.

ಆಸ್ಪತ್ರೆಯ ಹಿಂದುಗಡೆ, ಕಸದ ಡಬ್ಬಿಗಳ ಮರೆಯಲ್ಲಿ ಕಾರು ನಿಲ್ಲಿಸಿದೆ, ಹಾಲ್ವರ್‌ಗೆ ಕಾಣದ ಹಾಗೆ. ರೈಲಿನಲ್ಲಿ ಬಂದೆ ಅಂದೆ. ಅವನು ಗೋಡೆ ನೋಡುತ್ತಿದ್ದ.

ಡಿಸೆಂಬರ್ ೩

ಹಿಂದೆ ಎರಡು ಮೂಟೆ ಆಲೂಗಡ್ಡೆ ಹೇರಿದೆ. ನೆಟ್ಟಗೆ ಹೋದಳು. ಚಳಿಗೆ ಆಲೂಗಡ್ಡೆ ಹೆಪ್ಪುಗಟ್ಟಿ ಕಲ್ಲಾಗಿವೆ. ಸಾರಿಗೆ ಹಾಕಿದರೆ ಸಿಹಿ ಬರುತ್ತದೆ.

ಡಿಸೆಂಬರ್ ೧೨

ಊರ ಕೆಳಗಿನ ಕೆರೆ ಹೆಪ್ಪುಗಟ್ಟಿ ಗಟ್ಟಿಯಾಗಿದೆ, ಕುದುರೆ ಓಡಿಸುವವರು ಅದರ ಮೇಲೆ ಇಳಿಯುತ್ತಿದ್ದಾರೆ. ನಾನೂ ಫ್ರೋಕನ್‌ಳನ್ನು ಇಳಿಸಿದೆ. ಹೊಡೆದುಕೊಳ್ಳಲು ಅಲ್ಲಿ ಏನೂ ಇಲ್ಲ. ಬೇಕೆಂದೇ ಜಾರಿಸಿದೆ. ಮೊದಲು ಬುಗುರಿಯ ಹಾಗೆ ತಿರುಗಿದೆ. ಮತ್ತೆ ಮತ್ತೆ ತಿರುಗಿದೆ. ದಾರ ಬಿಗಿದು ಎಳೆದರೆ ಬಟ್ಟೆ ಮುದುಡುತ್ತದೆ, ಸಡಿಲ ಬಿಟ್ಟರೆ ಹೊಲಿಗೆ ನಿಲ್ಲುವುದಿಲ್ಲ, ನಡುವೆ ಒಂದು ಹದವಿದೆ. ಅದು ಬೆರಳಿಗೆ ಗೊತ್ತಾಗುತ್ತದೆ, ತಲೆಗಲ್ಲ. ಸ್ಟೀರಿಂಗೂ ಹಾಗೆಯೇ. ಕತ್ತಲಾಗುವ ಹೊತ್ತಿಗೆ ಫ್ರೋಕನ್ ಅಡ್ಡಡ್ಡವಾಗಿ ಜಾರುತ್ತಿದ್ದರೂ ನಾನು ನೋಡಿದ ಕಡೆಗೇ ಹೋಗುತ್ತಿದ್ದಳು.

ದಡದಲ್ಲಿ ಜನ ಸೇರಿದ್ದರು. ನಾನು ನಗುತ್ತಿದ್ದೆನಂತೆ. ಆಸ್ಲೌಗ್‌ಗೆ ಸುದ್ದಿ ಮುಟ್ಟಿ, ದುಃಖಕ್ಕೆ ನನ್ನ ತಲೆ ಕೆಟ್ಟಿದೆ ಎಂದು ಪಾದ್ರಿಯ ಹತ್ತಿರ ಹೇಳಿದ್ದಾಳೆ.

ಡಿಸೆಂಬರ್ ೨೧

ಆಸ್ಪತ್ರೆಯ ಹಿಂದೆ ಜಾಗವಿರಲಿಲ್ಲ. ಮುಂದೆ ನಿಲ್ಲಿಸಿದೆ. ಅವನ ಕುರ್ಚಿಯನ್ನು ಇವತ್ತು ಕಿಟಕಿಗೆ ತಿರುಗಿಸಿದ್ದರೆಂದು ನನಗೇನು ಗೊತ್ತು.

ನಾನು ಒಳಗೆ ಹೋದಾಗ ಅವನು ಗಾಜಿಗೆ ಹಣೆ ಒತ್ತಿದ್ದ. ಕೆಳಗೆ ಫ್ರೋಕನ್, ಮೈಯೆಲ್ಲ ಉಪ್ಪು, ಕೊಳಕು ಹಿಮ, ಮೂತಿಯಲ್ಲಿ ಹಿಮದ ಗೋಡೆ ಮಾಡಿದ ತಗ್ಗು. ಅವನು ನನ್ನನ್ನು ನೋಡಿದ, ಅದನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಗಂಟಲಿನಿಂದ ಒಂದು ಸದ್ದು ಬಂತು, ಎಣ್ಣೆ ಕಾಣದ ಬಾಗಿಲಿನ ಹಾಗೆ. ಎಡಗೈಯಿಂದ ಕುರ್ಚಿಯ ತೋಳಿಗೆ ಗುದ್ದಿದ. ಮುಖ ಟೊಮ್ಯಾಟೊ ಆಗಿತ್ತು.

ನಾನು ಹೆದರಿ ಓಡಿ ಇಂಗುನ್‌ಳನ್ನು ಕರೆತಂದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. “ಇದನ್ನೇ ನಾನು ಎರಡು ತಿಂಗಳಿಂದ ಕಾಯ್ತಿದ್ದೆ,” ಅಂದಳು. “ಅವರು ಬಾಗಿಲು ಬಡೀತಿದ್ದಾರೆ. ಏನು ಮಾಡಿದ್ರಿ ನೀವು?”

ಡಿಸೆಂಬರ್ ೨೮

ದಾರಿಯಲ್ಲಿ ಒಂದು ಉಪಾಯ ಹೊಳೆಯಿತು.

ಅವನ ಮುಂದೆ ಕೂತು, ಕಂದು ಚೀಸು ಹಚ್ಚಿದ ರೊಟ್ಟಿ ಬಿಚ್ಚುತ್ತ, ಫ್ರೋಕನ್ ಬಹಳ ಒಳ್ಳೆಯ ಗಾಡಿ ಎಂದೆ. ಮೂರನೇ ಗೇರಿನಲ್ಲೇ ಹೊರಡುತ್ತಾಳೆ ಎಂದೆ. ಅವನ ಕಣ್ಣು ದೊಡ್ಡದಾಯಿತು. ಎಣ್ಣೆ ನೋಡುವುದು ಯಾಕೆ, ಮುಗಿದಾಗ ಅದೇ ಹೇಳುತ್ತದಲ್ಲ ಎಂದೆ. ಕುರ್ಚಿಯ ತೋಳು ಹಿಡಿದುಕೊಂಡ. ಆಮೇಲೆ, ಆ ಗುಬುಟು ಎಳೆದರೆ ಗಾಡಿ ಚೆನ್ನಾಗಿ ಗುರುಗುಟ್ಟುತ್ತದೆ, ಅದಕ್ಕೇ ಮನೆಯಿಂದ ಇಲ್ಲಿಯವರೆಗೆ ಅದನ್ನು ಪೂರ್ತಿ ಎಳೆದೇ ಇಟ್ಟಿರುತ್ತೇನೆ ಎಂದೆ.

ಅವನ ತುಟಿ ನಡುಗಿತು. ಕುತ್ತಿಗೆಯ ನರ ಉಬ್ಬಿತು. ಪಕ್ಕದಲ್ಲಿದ್ದ ಇಂಗುನ್ ಮುಂದಕ್ಕೆ ಬಗ್ಗಿದಳು.

“ಚೋ,” ಅಂದ. “ಚೋ... ಚೋಕ್.” ಆಮೇಲೆ, ಸ್ಪಷ್ಟವಾಗಿ, ಹಳೆಯ ಗಂಟಲಿನಲ್ಲಿ: “ಕತ್ತೆ.”

ಇಷ್ಟು ವರ್ಷದ ಸಂಸಾರದಲ್ಲಿ ಬೈಸಿಕೊಂಡು ನಾನು ಇಷ್ಟು ಖುಷಿಪಟ್ಟಿದ್ದಿಲ್ಲ. ರೊಟ್ಟಿ ಕೈಯಿಂದ ಬಿತ್ತು. ಅವನೂ ತನ್ನ ದನಿ ಕೇಳಿ ಬೆಚ್ಚಿ, ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಜನವರಿ ೯, ೧೯೭೯

ಫ್ರೋಕನ್‌ಳ ಸೀಟಿನ ಮೇಲೆ ಮೀನು ತಂದೆ ಎಂದು ಹೇಳಿದೆ. “ಬೇಡ.” ಕೆಂಪು ಸಾಕಾಯಿತು, ಹಳದಿ ಬಣ್ಣ ಬಳಿಸುತ್ತೇನೆ ಎಂದೆ. “ಬೇಡ ಬೇಡ ಬೇಡ.” ದಾರಿಯುದ್ದಕ್ಕೂ ಹೊಸ ಸುಳ್ಳು ಹೊಸೆಯುತ್ತ ಹೋಗುತ್ತೇನೆ. ನನ್ನಲ್ಲಿ ಇಷ್ಟು ಸುಳ್ಳು ಇತ್ತೆಂದು ಗೊತ್ತಿರಲಿಲ್ಲ.

ಜನವರಿ ೧೭

ಗಾಳಿ. ಗೇಟಿನಲ್ಲಿ ಸಾಲು. ಐಲಿಫ್ ಬಂದು ನೋಡಿದ, ಕೈಬೀಸಿ ಒಳಗೆ ಬಿಟ್ಟ. ಬಿಡಬಾರದು ಅನ್ನಲು ಯಾವ ಕಾರಣವೂ ಇರಲಿಲ್ಲ.

ಜನವರಿ ೩೦

ಆಸ್ಲೌಗ್ ತಮ್ಮನನ್ನು ನೋಡಲು ಬಂದೇ ಬರುತ್ತೇನೆ ಎಂದು ಹಟ ಹಿಡಿದಳು. ಕರೆದುಕೊಂಡು ಹೋದೆ. ನೆತ್ತಿಯವರೆಗೆ ಪ್ರಾರ್ಥನೆ ಹೇಳಿದಳು. ಇಳಿಜಾರಿನಲ್ಲಿ ಕಣ್ಣು ಮುಚ್ಚಿದಳು. ಬಿಸಿಗಾಳಿ ಬರುವುದು ಅವಳ ಎಡ ಮೊಣಕಾಲಿಗೆ ಮಾತ್ರ, ಅದನ್ನೂ ಬೈದಳು. ಹಾಲ್ವರ್ ಅವಳನ್ನು ಕಂಡೊಡನೆ “ಕಾಫಿ” ಅಂದ. ಅವಳು ಅವನ ತಲೆ ಹಿಡಿದು ಅತ್ತಳು.

ಬರುವಾಗ ಕಣ್ಣು ಮುಚ್ಚಲಿಲ್ಲ. ಮನೆಯ ಮುಂದೆ ಇಳಿದು ಸೀರಿಯಸ್ಸಾಗಿ ಟೋಪಿ ಸರಿಮಾಡಿಕೊಂಡು, ಮುಂದಿನ ವಾರ ಯಾವತ್ತು ಹೋಗುತ್ತೀಯ, ಇನ್ನೂ ಸ್ವಲ್ಪ ಜೋರಾಗಿ ಹೋಗಲು ಬರುತ್ತದಾ ಎಂದು ಕೇಳಿದಳು.

ಫೆಬ್ರವರಿ ೧೩

ಡಾಕ್ಟರು ನನ್ನನ್ನೂ ಹಾಲ್ವರ್‌ನನ್ನೂ ಕೂರಿಸಿ ಹೇಳಿದರು. ಏಪ್ರಿಲಿನ ಈಸ್ಟರ್ ಹಬ್ಬದ ಹೊತ್ತಿಗೆ ಆಸ್ಪತ್ರೆಯ ಹಾಸಿಗೆ ಬಿಟ್ಟುಕೊಡಬೇಕು. ಅಷ್ಟರೊಳಗೆ ಮೆಟ್ಟಿಲು ಹತ್ತಿ ಇಳಿದು, ಬೇಕಾದದ್ದನ್ನು ಬಾಯಿಬಿಟ್ಟು ಕೇಳುವಂತಾದರೆ ಮನೆಗೆ. ಇಲ್ಲದಿದ್ದರೆ ವೃದ್ಧಾಶ್ರಮಕ್ಕೆ. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದದ್ದನ್ನು ಹೇಳಿದರು.

ಹಾಲ್ವರ್‌ನ ಹತ್ತಿರ ಇರುವುದು ಒಂದು ಮುಷ್ಟಿ ಪದಗಳು, ಅರ್ಧ ಬೈಗುಳ. ಡಾಕ್ಟರು ಹೋದ ಮೇಲೆ ಕುರ್ಚಿಯನ್ನು ಗೋಡೆಗೆ ತಿರುಗಿಸಿ ಎಂದು ಕೈಸನ್ನೆ ಮಾಡಿದ. ಫ್ರೋಕನ್‌ಗೆ ಹೊಸ ಗಾಯವಾಗಿದೆ ಎಂದೆ. ಕೇಳಿಸಿದಂತೆ ಕಾಣಲಿಲ್ಲ. ನನ್ನ ಸುಳ್ಳುಗಳಿಗೆ ಇನ್ನು ಕಾವಿಲ್ಲ.

ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಅತ್ತೆ. ಹೊಸ ಹಿಮ ಬಿದ್ದಿತ್ತು. ಕೆರೆಯ ತಿರುವು ಯಾವಾಗ ಬಂತು ಯಾವಾಗ ಹೋಯಿತು ತಿಳಿಯಲಿಲ್ಲ.

ಫೆಬ್ರವರಿ ೨೦

ಸುಳ್ಳು ಬಿಟ್ಟೆ. ಬೇರೇನೂ ತೋಚದೆ ಇದ್ದದ್ದನ್ನೇ ಹೇಳಿದೆ. ಬೆಳಗ್ಗೆ ನೆತ್ತಿಯ ಮೇಲೆ ಹಿಮ ಹೇಗಿತ್ತು, ಗಾಳಿ ಅದನ್ನು ಹೇಗೆ ಬಾಚಿತ್ತು, ಚಕ್ರದ ಕೆಳಗೆ ಅದರ ಸದ್ದು ಬದಲಾದಾಗ ಮಂಜುಗಡ್ಡೆ ಬಂತೆಂದು ಹೇಗೆ ತಿಳಿಯುತ್ತದೆ, ಹಿಂಬದಿ ಜಾರಲು ಶುರುವಾದಾಗ ಸೊಂಟಕ್ಕೆ ಮೊದಲು ಗೊತ್ತಾಗುತ್ತದೆ, ಕೈಗೆ ಆಮೇಲೆ. ಎಷ್ಟು ಹೊತ್ತು ಹೇಳಿದೆನೋ. ಕಾಫಿ ಕುಡಿಯುವುದು ಮರೆತಿತ್ತು.

ಅವನು ಗೋಡೆಯಿಂದ ತಿರುಗಿದ್ದ. ಎಡಗೈಯ ಬೆರಳಿನಿಂದ ಕಂಬಳಿಯ ಮೇಲೆ ಆಸ್ಪತ್ರೆಯಿಂದ ಮನೆಯ ಕಡೆಗೆ ರಸ್ತೆ ಬರೆಯತೊಡಗಿದ. ಸೇತುವೆ, ಏರು, ಕಲ್ಲಿನ ಗುಡಿಸಲು, ಕೆರೆಯ ತಿರುವು. ಅಲ್ಲಿ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದ.

“ಎರಡನೇ... ಗೇರ್?”

ಇಲ್ಲ, ಮೂರನೆಯದು ಎಂದೆ. ಎರಡರಲ್ಲಿ ಹೋದರೆ ಎಳೆತ ಜಾಸ್ತಿಯಾಗಿ ಬಾಲ ಒದೆಯುತ್ತಾಳೆ, ಮೂರರಲ್ಲಿ ಕಾಲನ್ನು ಹಗುರಾಗಿ ಇಟ್ಟರೆ ಹಾಗೇ ತೇಲಿಕೊಂಡು ಬರುತ್ತಾಳೆ.

ಅವನು ಆ ಬೆರಳನ್ನು ಅಲ್ಲೇ ಇಟ್ಟುಕೊಂಡು ಯೋಚಿಸಿದ. “ಮೂರು,” ಅಂದ. ಈ ಸಲ ಅದು ಪ್ರಶ್ನೆಯಾಗಿರಲಿಲ್ಲ.

ಮಾರ್ಚ್ ೧೧

ಆಸ್ಪತ್ರೆಯ ಊಟದ ಕೋಣೆಯಲ್ಲಿ ನಡೆದದ್ದು. ಭಾನುವಾರದ ಅಕ್ಕಿ ಪಾಯಸ ಹಾಲ್ವರ್‌ಗೆ ಯಾವತ್ತೂ ಸೇರದು. ಎದುರಿನ ಮೀನುಗಾರ ಮುದುಕ ಅದರ ಮೇಲೆ ಕಣ್ಣಿಟ್ಟಿದ್ದ. ಹಾಲ್ವರ್ ಬಟ್ಟಲನ್ನು ಅವನ ಕಡೆ ತಳ್ಳಿದ. ಪಕ್ಕದ ಹೆಂಗಸು ತನಗೂ ಬೇಕು ಎಂದಳು. ಹಾಲ್ವರ್ ಬಟ್ಟಲನ್ನು ಹಿಂದಕ್ಕೆಳೆದುಕೊಂಡ. ಅವನ ಬೆನ್ನು ನೆಟ್ಟಗಾಯಿತು. ಚಮಚವನ್ನು ಎಡಗೈಯಲ್ಲಿ ಎತ್ತಿ ಹಿಡಿದ.

ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕು, ಎರಡು ಸಿಗರೇಟು ಕೊಡುತ್ತೇನೆ ಎಂದ. ಹೆಂಗಸು ಒಂದು ಕಿತ್ತಳೆ ಮತ್ತು ಪತ್ರಿಕೆ ಎಂದಳು. ಹಿಂದಿನ ಮೇಜಿನವರು ಸೇರಿಕೊಂಡರು. ಕೂಗು ಏರಿತು.

“ಒಂದನೇ ಸಲ,” ಅಂದ ಹಾಲ್ವರ್. “ಎರಡನೇ ಸಲ. ಯಾರಾದ್ರೂ ಇದ್ದೀರಾ, ಹಿಂದುಗಡೆ, ಕಿಟಕಿ ಹತ್ರ? ಮೂರನೇ ಸಲ.” ಚಮಚ ಮೇಜಿಗೆ ಬಿತ್ತು. “ಹೋಯ್ತು.”

ಪಾಯಸ ಕಿತ್ತಳೆಗೆ ಹೋಯಿತು. ಇಂಗುನ್ ಅಡುಗೆಮನೆಯ ಬಾಗಿಲಿಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಲ್ಲರೂ ಕೈ ತಟ್ಟುತ್ತಿದ್ದಾಗ ಹಾಲ್ವರ್ ನನ್ನ ಕಡೆ ತಿರುಗಿ, ಕಿತ್ತಳೆ ಕೈಗಿಟ್ಟು, “ಮನೆ,” ಅಂದ. “ಮನೆಗೆ ಹೋಗ್ಬೇಕು.”

ಡಾಕ್ಟರಿಗೆ ಬೇಕಾಗಿದ್ದೂ ಅದೇ ತಾನೇ: ಬೇಕಾದದ್ದನ್ನು ಬಾಯಿಬಿಟ್ಟು ಕೇಳುವುದು. ಮೆಟ್ಟಿಲು ನಾಳೆಯಿಂದ.

ಏಪ್ರಿಲ್ ೮

ಬಂದೆವು. ಬೆರಳು ಇನ್ನೂ ಬೆಚ್ಚಗಾಗಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆ ಹಾಲ್ವರ್ ಕೋಲೂರಿಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದು ಬಂದ. ಫ್ರೋಕನ್‌ಳ ಸುತ್ತ ಒಂದು ಸುತ್ತು ಬಂದು, ಮೂತಿಯ ತಗ್ಗನ್ನು ಸವರಿದ. ಅವನನ್ನು ಒಳಗೆ ಕೂರಿಸಲು ಇಂಗುನ್ ಮತ್ತು ನಾನು ಹರಸಾಹಸ ಪಟ್ಟೆವು.

ಗೇಟು ಮುಟ್ಟುವ ಹೊತ್ತಿಗೆ ಗಾಳಿ ಎದ್ದಿತ್ತು. ಐಲಿಫ್‌ನ ಲಾರಿ ಮುಂದೆ, ಅದರ ಹಿಂದೆ ಈಸ್ಟರ್ ರಜೆಗೆ ಹೊರಟ ಒಬ್ಬ ಯಜಮಾನರ ದೊಡ್ಡ ಹೊಸ ಕಾರು, ಆಮೇಲೆ ನಾವು. ನಮ್ಮ ಹಿಂದೆ ಹತ್ತಕ್ಕೂ ಹೆಚ್ಚು ಗಾಡಿಗಳು. ಕಲ್ಲಿನ ಗುಡಿಸಲು ದಾಟಿದ ಮೇಲೆ ಎಲ್ಲ ಬಿಳಿ. ಮೇಲೆ ಯಾವುದು ಕೆಳಗೆ ಯಾವುದು ತಿಳಿಯದ ಬಿಳಿ. ದೊಡ್ಡ ಕಾರು ನಿಂತುಬಿಟ್ಟಿತು. ಲಾರಿಯ ಹಳದಿ ದೀಪ ಮಸುಕಾಗಿ, ಇಲ್ಲವಾಯಿತು. ಅಂಥ ಗಾಳಿಯಲ್ಲಿ ನಿಂತ ಗಾಡಿ ಅಂದರೆ ಹೂತ ಗಾಡಿ. ನೋಡುತ್ತಿದ್ದಂತೆಯೇ ಚಕ್ರದ ಬುಡದಲ್ಲಿ ಹಿಮ ಏರುತ್ತಿತ್ತು.

ಇಳಿದು, ಕಾರುಗಳನ್ನು ಹಿಡಿದು ಹಿಡಿದು ಹೋಗಿ ಕಿಟಕಿ ಬಡಿದೆ. ಯಜಮಾನರು ಸ್ಟೀರಿಂಗನ್ನು ಅಪ್ಪಿಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದವು.

“ನನಗೆ ಏನೂ ಕಾಣ್ತಿಲ್ಲ. ನಾನು ಅಲ್ಲಾಡಲ್ಲ.”

“ನಿಮಗೆ ಕಾಣೋದು ಬೇಡ. ನನ್ನ ಹಿಂದಿನ ಕೆಂಪು ದೀಪ ಕಂಡ್ರೆ ಸಾಕು. ಅದನ್ನ ಬಿಡಬೇಡಿ.”

ಹಿಂದಿನವರಿಗೂ ಅದೇ ಹೇಳಿ, ಒಬ್ಬರಿಂದೊಬ್ಬರಿಗೆ ದಾಟಿಸಿ ಎಂದೆ. ವಾಪಸು ಬಂದು ಕೂತಾಗ ಹಾಲ್ವರ್‌ನ ಮುಖ ಸುಣ್ಣವಾಗಿತ್ತು. “ಕಾಯಿ,” ಅಂದ. “ನಿಲ್ಲು. ಕಾಯಿ.” ಅವನ ಕೈ ಸ್ಟೀರಿಂಗಿಗೆ ಬಂತು.

“ಕೈ ತೆಗಿ, ಹಾಲ್ವರ್,” ಅಂದೆ. “ನೀನು ಹಿಂದೆ ನೋಡು. ಅವರು ಬರ್ತಿದ್ದಾರಾ ಹೇಳ್ತಿರು. ಮುಂದಿಂದು ನಾನು ನೋಡ್ಕೋತೀನಿ.”

ಅವನು ಕೈ ತೆಗೆದ.

ನನ್ನ ಪಕ್ಕದ ಕಿಟಕಿ ಕಳಚಿ ಕಾಲ ಬಳಿ ಎಸೆದು, ದೊಡ್ಡ ಕಾರನ್ನು ಬಳಸಿ ಅದರ ಮುಂದೆ ಬಂದೆ. ಫ್ರೋಕನ್ ಇಂಗ್ಲೆಂಡಿನವಳು, ಸ್ಟೀರಿಂಗ್ ಬಲಗಡೆ; ಇಲ್ಲಿನ ಕಾರುಗಳಿಗೆಲ್ಲ ಎಡಗಡೆ. ಗಾಡಿಗಳು ಬಲಬದಿಗೆ ಹೋಗುವ ನಮ್ಮ ರಸ್ತೆಯಲ್ಲಿ ಅವಳನ್ನು ಓಡಿಸುವವರು ಅಂಚಿಗೇ ಕೂರುತ್ತಾರೆ. ಹಿಮದ ಗುರುತಿಗೆ ನೆಟ್ಟ ಕಂಬಗಳು ಅಲ್ಲೇ, ಕೈಗೆ ಸಿಗುವಷ್ಟು ಹತ್ತಿರ. ಮುಂದಿನ ಗಾಜನ್ನು ನೋಡುವುದೇ ಬಿಟ್ಟೆ. ತಲೆ ಹೊರಗೆ ಹಾಕಿ, ಒಂದು ಕಂಬ ಬರುವವರೆಗೆ ಹೋಗುವುದು, ಅದು ಭುಜದ ಪಕ್ಕಕ್ಕೆ ಬಂದ ಮೇಲೆ ಮುಂದಿನದಕ್ಕೆ ಹುಡುಕುವುದು. ಕಾಣದಿದ್ದಾಗ ಚಕ್ರದ ಸದ್ದು ಕೇಳುವುದು. ಹಿಮ ಸೂಜಿಯ ಹಾಗೆ ಕೆನ್ನೆಗೆ ಚುಚ್ಚುತ್ತಿತ್ತು. ಹಾಲ್ವರ್ ಹಿಂದಿನ ಬಟ್ಟೆಯ ಪರದೆ ಎತ್ತಿ ಕೂಗುತ್ತಿದ್ದ: “ಬಂದ. ಬಂದ. ಇನ್ನೊಬ್ಬ. ಬರ್ತಿದ್ದಾರೆ, ಹೋಗು. ಹೋಗು.” ಗಾಳಿಯ ಮೇಲೆ ಕೇಳುವ ದನಿ. ಮಾರುಕಟ್ಟೆಯ ಆಚೆ ಬದಿಗೆ ಮುಟ್ಟುವ ದನಿ.

ಕೆರೆಯ ತಿರುವಿಗೆ ಸ್ವಲ್ಪ ಮುಂಚೆ ಹಳದಿ ದೀಪ ಎದುರಿಗೆ ಬಂತು. ಐಲಿಫ್ ನಮ್ಮನ್ನು ಹುಡುಕಿಕೊಂಡು ಹಿಂದಕ್ಕೆ ಬರುತ್ತಿದ್ದ. ಲಾರಿಯಿಂದ ಧುಮುಕಿ, ದೀಪ ಹಿಡಿದು ಸಾಲನ್ನು ಕೊನೆಯವರೆಗೆ ಎಣಿಸಿ ಬಂದ. ಒಂದು ಗಾಡಿಯೂ ತಪ್ಪಿರಲಿಲ್ಲ. ನನ್ನ ಪಕ್ಕ ಬಗ್ಗಿ, ಗಡ್ಡದ ಮಂಜುಗಡ್ಡೆ ಒರೆಸಿಕೊಂಡ.

“ಅಕ್ಕಾ, ಇನ್ನು ಮೇಲೆ ಗಾಳಿ ಇದ್ದ ದಿನ ನೀವು ನನ್ನ ಬೆನ್ನಿಗೇ ಇರ್ಬೇಕು. ಹಿಂದೆ ಯಾರಿದ್ದಾರೆ ಅಂತ ನಾನು ತಿರುಗಿ ನೋಡೋ ಹಾಗಿರಬಾರ್ದು.”

ಕೆಳಗಿನ ಗೇಟಿನಲ್ಲಿ ಎಲ್ಲರೂ ಇಳಿದರು. ಸಾಲಿನ ಕೊನೆಯಲ್ಲಿದ್ದ ಮೀನಿನ ಲಾರಿಯವನು ಉದ್ದಕ್ಕೆ ನಡೆದು ಬಂದು, ಎಡಗಡೆ ಕೂತವನೇ ಓಡಿಸಿದವನು ಎಂದುಕೊಂಡು ಹಾಲ್ವರ್‌ನ ಕೈ ಕುಲುಕಿ, ಇಂಥ ಡ್ರೈವಿಂಗನ್ನು ಜನ್ಮದಲ್ಲಿ ಕಂಡಿಲ್ಲ ಎಂದ. ಹಾಲ್ವರ್ ಬಾಯಿ ತೆರೆದ. ಪದ ಬರಲಿಲ್ಲ. ಲಾರಿಯವನು ಕಾಯಲಾರದೆ ಹೊರಡಲು ತಿರುಗಿದ. ಹಾಲ್ವರ್ ಅವನ ತೋಳು ಬಿಡಲಿಲ್ಲ.

“ನಾನಲ್ಲ,” ಅಂದ. “ಓಡ್ಸಿದ್ದು ಇವಳು. ಬೋರ್ಗಿಲ್. ನನ್ನ ಹೆಂಡ್ತಿ.”

ಸುತ್ತ ನಿಂತವರೆಲ್ಲ ಕೇಳಲಿ ಎಂದು ಇನ್ನೊಮ್ಮೆ ಹೇಳಿದ.

ಏಪ್ರಿಲ್ ೧೬

ಇವತ್ತು ಕೆಲಸವೇನೂ ಇರಲಿಲ್ಲ. ಬಿಸಿಲಿತ್ತು. ಸಮುದ್ರದ ಕಡೆಯ ರಸ್ತೆಯಲ್ಲಿ ಇನ್ನೂ ಒಳ್ಳೆಯ ಹಿಮವಿದೆ ಎಂದು ರೇಡಿಯೋ ಹೇಳಿತು. ಕರಗುವ ಮುಂಚೆ ಒಮ್ಮೆ ಹೋಗಿಬರೋಣ ಅನ್ನಿಸಿತು, ಸುಮ್ಮನೆ. ಅಂಗಳದಲ್ಲಿ ನನ್ನ ಕಾರಿನ ಗಾಜು ಒರೆಸುತ್ತಿದ್ದೆ. ಹಾಲ್ವರ್ ಮೆಟ್ಟಿಲಿಳಿದು ಬಂದು ಪಕ್ಕದಲ್ಲಿ ನಿಂತ. ಅವನ ಬಾಯಲ್ಲಿ ಪದಗಳು ಒಂದರ ಪಕ್ಕ ಒಂದು ಬಂದು ಕೂರುವವರೆಗೆ ನಾನು ಒರೆಸುತ್ತಲೇ ಇದ್ದೆ.

“ನಾನೂ ಬರ್ಲಾ?”

ಉಣ್ಣೆ ಟೋಪಿ ಹಾಕಿಕೊಂಡು ಬಾ, ಬಟ್ಟೆಯ ಮಾಡನ್ನು ಮಡಚಿ ಹೋಗುತ್ತಿದ್ದೇನೆ ಎಂದೆ.